ಪದ್ದಕ್ಕನ ಮೂರು ದಿನದ ಅಂಗಡಿ

ಹಿದಕಿದ ಬೇಳೆ ಮಾಡಲೆಂದು ನೆನೆಹಾಕಿದ್ದ ಅವರೆಕಾಳನ್ನು ಮುಂದಿಟ್ಟುಕೊಂಡು ಕೂತಿದ್ದೆ. ಕಾಳನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಮೂರು ಸೇರು ಕಾಳು ಹಾಗೆ ಒಂದೊಂದಾಗಿ ಆಗಬೇಕು. ನಮ್ಮ ಚಿಕ್ಕಬಳ್ಳಾಪುರದ ಕಡೆ ಚಳಿಗಾಲವೆಂದರೆ ಹೆಂಗಸರ ಹೆಬ್ಬೆರಳಿನ ಉಗುರು ಕಪ್ಪಾಗುವ ಕಾಲ. ಬೆಳಗ್ಗೆ ನಲ್ಲಿಯಲ್ಲಿ ನೀರು ಬಂದಿತ್ತು, ಡ್ರಮ್ಮು ತುಂಬಿತ್ತು, ದೇವರ ಮುಂದೆ ದೀಪ ಹಚ್ಚಿಯಾಗಿತ್ತು. ಸೊಂಟ ಹಿಡಿದುಕೊಂಡಿದ್ದ ದಿನ ಕೂತು ಮಾಡುವ ಕೆಲಸವೇ ಸಿಕ್ಕಿತಲ್ಲ ಎಂದು ವೆಂಕಟರಮಣನಿಗೆ ಮನಸ್ಸಿನಲ್ಲೇ ಕೈ ಮುಗಿದಿದ್ದೆ. ಆಗ ಫೋನ್ ಬಂತು.

ಶಿಡ್ಲಘಟ್ಟದಿಂದ ಶೋಭಾ. ಪದ್ದಕ್ಕನ ತಂಗಿಯ ಮಗಳು.

“ಆಂಟಿ, ದೊಡ್ಡಮ್ಮ ಹೋಗ್ಬಿಟ್ರು.”

“ಯಾವೂರಿಗೆ ಹೋದ್ರಮ್ಮ?” ಎಂದುಬಿಟ್ಟೆ. ಪದ್ದಕ್ಕನದು ಊರೂರು ತಿರುಗುವ ಅಂಗಡಿ. ಗೌರಿಬಿದನೂರಿಗೋ ಎಲ್ಲಿಗೋ ಹೊರಟಳೆಂದೇ ತಲೆಗೆ ಬಂದದ್ದು.

“ಬೆಳಗ್ಗೆ ಕಾಫಿ ಕೊಡಣ ಅಂತ ಹೋದೆ ಆಂಟಿ. ಏಳಲೇ ಇಲ್ಲ. ಅಳತೆ ಟೇಪು ಹಂಗೇ ಕುತ್ತಿಗೇಲಿತ್ತು. ಒಂದು ಗಂಟೆಗೆ ಎತ್ತುತ್ತಾರಂತೆ, ಬೇಗ ಬನ್ನಿ.”

ಫೋನ್ ಇಟ್ಟ ಮೇಲೆ ನಾನು ಅಳಲಿಲ್ಲ. ನನ್ನ ಕಣ್ಣು ಬೀರುವಿನ ಕಡೆ ಹೋಯಿತು. ಅದರ ಮೇಲಿನ ಖಾನೆಯಲ್ಲಿ ನೇರಳೆ ಬಣ್ಣದ ಒಂದು ರೇಷ್ಮೆ ರವಿಕೆ ಇತ್ತು. ಐದು ಹುಕ್ಕು ಹಾಕಿಕೊಡು ಎಂದು ಪದ್ದಕ್ಕ ಕೊಟ್ಟುಹೋಗಿ ಹತ್ತು ದಿನವಾಗಿತ್ತು. ನಾನು ಹಾಕಿದ್ದು ಒಂದು.

ಪದ್ದಕ್ಕ ಎದುರಿಗೆ ಬಂದವರ ಮುಖ ನೋಡುತ್ತಿರಲಿಲ್ಲ, ಭುಜ ನೋಡುತ್ತಿದ್ದಳು. ಬಟ್ಟೆ ಹೊಲಿದು ಹೊಲಿದು ಬಂದ ಚಾಳಿ ಅದು. ಕೊರಳಿನಲ್ಲಿ ಸದಾ ಹಳದಿ ಅಳತೆಪಟ್ಟಿ, ದೇವಸ್ಥಾನಕ್ಕೂ ಅದೇ, ಮದುವೆಮನೆಗೂ ಅದೇ. ಮದುವೆಯಾಗಿರಲಿಲ್ಲ. ಯಾರಾದರೂ ಅದನ್ನು ಕೆದಕಿದರೆ “ನನ್ನ ತಾಳಿ ಇದೇ ಕಣಮ್ಮ, ಅರವತ್ತು ಅಂಗುಲ ಉದ್ದ, ನಿಮ್ಮದೆಷ್ಟು?” ಎಂದು ಟೇಪು ಎತ್ತಿ ತೋರಿಸುತ್ತಿದ್ದಳು. ಕೇಳಿದವರು ಎರಡನೇ ಸಲ ಕೇಳುತ್ತಿರಲಿಲ್ಲ.

ಅವಳು ಮೊದಲ ಸಲ ನಮ್ಮ ಮನೆಗೆ ಬಂದದ್ದು ಕೊರೊನಾ ಕಳೆದ ಮೇಲೆ. ನಮ್ಮ ಯಜಮಾನರ ಸೈಕಲ್ ಬಿಡಿಭಾಗದ ಅಂಗಡಿ ಅಷ್ಟೊತ್ತಿಗೆ ಮುಚ್ಚಿ, ಮನೆಯ ಮುಂದಿನ ಶಟರ್ ಕೋಣೆ ಖಾಲಿ ಬಿದ್ದಿತ್ತು. ನಾನು ಎರಡು ಬಿಂದಿಗೆ ನೀರು ಹೊತ್ತು ಒಳಗೆ ಬರುತ್ತಿದ್ದೆ. ಬಾಗಿಲಲ್ಲಿ ನಿಂತಿದ್ದ ಈ ಹೆಂಗಸು ನಮಸ್ಕಾರವನ್ನೂ ಹೇಳದೆ, “ನಿನ್ನ ಬಲಭುಜ ಒಂದು ಬೆರಳು ಇಳಿದೈತಲ್ಲಮ್ಮ. ಎಷ್ಟು ವರ್ಷದಿಂದ ಹೊರ್ತಿದ್ದೀಯ?” ಎಂದಳು.

ಮೂವತ್ತು ವರ್ಷ ಸಂಸಾರ ಮಾಡಿದ ಮನೆಯಲ್ಲಿ ಯಾರೂ ನೋಡದೇ ಇದ್ದದ್ದನ್ನು ಅವಳು ಹೊಸಿಲು ದಾಟುವ ಮೊದಲೇ ನೋಡಿದ್ದಳು. ನಾನು ಬಿಂದಿಗೆ ಇಳಿಸಿ ಕಾಫಿ ಇಟ್ಟೆ.

ಅವಳು ಕೇಳಿದ್ದು ಶಟರ್ ಕೋಣೆಯನ್ನು, ಅದೂ ಮೂರೇ ದಿನಕ್ಕೆ. ಹಳೆಯ ಕಾಲದ ಬಟ್ಟೆಯ ಅಂಗಡಿ ಇಡುತ್ತಾಳಂತೆ. ಹಳೇ ಸಿನಿಮಾಗಳಲ್ಲಿ ಹಾಕುತ್ತಿದ್ದಂಥ ಬಟ್ಟೆ, ಆ ಸಿನಿಮಾ ನೋಡಿಬಂದು ಜನ ಹೊಲಿಸಿಕೊಳ್ಳುತ್ತಿದ್ದಂಥ ಬಟ್ಟೆ. ಇಲ್ಲಿ ಮೂರು ದಿನ, ಆಮೇಲೆ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು. ಖಾಲಿ ಇರುವ ಅಂಗಡಿ ನೋಡಿ ಇಳಿಯುವುದು, ಮೂರನೇ ಸಂಜೆಗೆ ಗಂಟು ಕಟ್ಟುವುದು.

“ಅದಕ್ಕೆ ಪಾಪ್‌ಅಪ್ ಶಾಪ್ ಅಂತಾರೆ ಆಂಟಿ, ಬೆಂಗಳೂರಲ್ಲೆಲ್ಲಾ ಫೇಮಸ್ಸು,” ಎಂದಳು ಜೊತೆಗೆ ಬಂದಿದ್ದ ಶೋಭಾ.

“ಹೆಸರು ಏನಾದ್ರೂ ಇಟ್ಕೊಳ್ಳಲಿ. ನಮ್ಮ ಡೇರೆ ಟಾಕೀಸು ಮಾಡ್ತಿದ್ದದ್ದೂ ಇದೇ ಅಲ್ವೇನೇ? ಇವತ್ತು ಈ ಊರು, ನಾಳೆ ಆ ಊರು,” ಎಂದಳು ಪದ್ದಕ್ಕ.

ನನಗೆ ಮನಸ್ಸಿನಲ್ಲಿ ಒಂದು ಮುಳ್ಳಿತ್ತು. ಯಾರೋ ಉಟ್ಟು ಬಿಟ್ಟ ಬಟ್ಟೆ, ಉಟ್ಟವರು ಇದ್ದಾರೋ ಹೋದರೋ, ಅಂಥದ್ದನ್ನು ದೇವರ ಮನೆಯ ಗೋಡೆಗೆ ಒತ್ತಿಕೊಂಡ ಕೋಣೆಯಲ್ಲಿ ನೇತುಹಾಕುವುದು. ಬಾಯಿಬಿಟ್ಟು ಹೇಳಿಯೇಬಿಟ್ಟೆ. ಅವಳಿಗೆ ಕೋಪ ಬರಲಿಲ್ಲ. ಗಂಟು ಬಿಚ್ಚಿ ಒಂದು ನೈಲಾನ್ ಸೀರೆಯ ಅಂಚು ತಿರುಗಿಸಿ ತೋರಿಸಿದಳು. ಮೂಲೆಯಲ್ಲಿ ಅರಿಶಿನದ ಬೊಟ್ಟು.

“ಸೀಗೇಪುಡಿಲಿ ಎರಡು ಸಲ ಒಗೆದು, ಮೂರು ದಿನ ಬಿಸಿಲಿಗೆ ಹಾಕಿ, ಆಮೇಲೆ ಅರಿಶಿನ ಇಟ್ಟಿದ್ದೀನಿ ಕಣಮ್ಮ. ಯಾರು ಉಟ್ಟಿದ್ರೋ ಅವರ ಹೆಸರಲ್ಲಿ ಒಂದು ನಮಸ್ಕಾರನೂ ಆಗೈತೆ. ನಿಮ್ಮ ದೇವರು ಬೇಡ ಅಂದ್ರೆ ಈಗ್ಲೇ ಹೇಳು, ಎದ್ದು ಹೋಗ್ತೀನಿ.”

ದೇವರು ಏನೂ ಹೇಳಲಿಲ್ಲ. ಯಜಮಾನರು ಹೇಳಿದರು: “ಶಟರ್‌ಗೆ ತುಕ್ಕು ಹಿಡಿಯೋದಾದ್ರೂ ತಪ್ತದೆ, ಇಡ್ಲಿ ಬಿಡು.”

ಆ ಅಂಗಡಿಯನ್ನು ನೋಡಬೇಕಿತ್ತು. ಬಾಗಿಲಿಗೆ ಸಿನಿಮಾ ಪೋಸ್ಟರಿನ ಕೆಂಪು ಹಳದಿಯಲ್ಲಿ ಬರೆಸಿದ ಬಟ್ಟೆಯ ಬೋರ್ಡು: ‘ಇಂದಿನಿಂದ! ಮೂರೇ ದಿನ!’ ಒಳಗೆ ಡೇರೆಯ ಟಿಕೆಟ್ಟಿನ ಹಾಗೇ ಮೂರು ದರ್ಜೆ. ಚಾಪೆಯ ಮೇಲೆ ಹರಡಿದ್ದು ‘ನೆಲ’. ಬೆಂಚಿನ ಮೇಲೆ ಮಡಿಸಿಟ್ಟದ್ದು ‘ಬೆಂಚು’. ಮೂರು ಮಡಚುವ ಕುರ್ಚಿಗಳ ಬೆನ್ನಿಗೆ ತೊಡಿಸಿದ್ದು ‘ಕುರ್ಚಿ’. ನೆಲದಲ್ಲಿ ನಾಯಿಕಿವಿಯಂಥ ಕಾಲರಿನ ಶರ್ಟು, ಕಾಲಬುಡದಲ್ಲಿ ಗಂಟೆಯಂತೆ ಅಗಲಿಸಿದ ಪ್ಯಾಂಟು. ಬೆಂಚಿನಲ್ಲಿ ಚುಕ್ಕೆ ಚುಕ್ಕೆಯ ನೈಲಾನ್ ಸೀರೆ, ದಾವಣಿ. ಕುರ್ಚಿಯ ಮೇಲೆ ಮಖಮಲ್ಲಿನ ರವಿಕೆ, ಬುಗ್ಗೆ ತೋಳಿನ ರವಿಕೆ. ಇವೆಲ್ಲ ಅವಳಿಗೆ ಸಿಗುತ್ತಿದ್ದದ್ದು ಹಳೇ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುತ್ತಾ ಬೀದಿ ಸುತ್ತುವ ಹೆಂಗಸರಿಂದ. ಅವರ ಗಂಟುಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ನಾನು ಕಾಳು ಆರಿಸುವ ಹಾಗೆ ಆರಿಸುತ್ತಿದ್ದಳು.

ನಾಲ್ಕು ಗಂಟೆಗೆ ಸರಿಯಾಗಿ “ಇಂಟ್ರವಲ್!” ಎಂದು ಕೂಗಿ, ಗಿರಾಕಿ ಯಾರೇ ಇರಲಿ, ವ್ಯಾಪಾರ ನಿಲ್ಲಿಸಿ ಚಹ ಕುಡಿಯುತ್ತಿದ್ದಳು. ಗಿರಾಕಿಗಳಿಗೂ ಚಕ್ಕುಲಿ ಸಿಗುತ್ತಿತ್ತು. ಕಾಲೇಜಿನ ಹುಡುಗಿಯರು ಬರುತ್ತಿದ್ದರು. ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳುವ ಜೋಡಿಗಳು ಬರುತ್ತಿದ್ದವು. ಭಾನುವಾರ ಸ್ಕಂದಗಿರಿ ಹತ್ತಿ ಇಳಿದ ಬೆಂಗಳೂರಿನವರು ಮಣ್ಣುಕಾಲಲ್ಲೇ ಬರುತ್ತಿದ್ದರು. ನನ್ನ ವಯಸ್ಸಿನ ಹೆಂಗಸರು ಕೊಳ್ಳುತ್ತಿರಲಿಲ್ಲ, ಮುಟ್ಟಿ ನೋಡಿ ನಿಲ್ಲುತ್ತಿದ್ದರು. ಪದ್ದಕ್ಕ ಅವರನ್ನು ಒಂದು ದಿನವೂ ಸರಿಯಿರಿ ಅನ್ನಲಿಲ್ಲ.

ಒಂದು ಹುಡುಗಿ, “ಆಂಟಿ, ಆ ಹೀರೋಯಿನ್ ಹಾಕಿದ್ದ ಬ್ಲೌಸ್ ಯಾವ ಕಲರ್ ಇತ್ತು? ಬ್ಲ್ಯಾಕ್ ಅಂಡ್ ವೈಟಲ್ಲಿ ಗೊತ್ತಾಗಲ್ವಲ್ಲಾ?” ಎಂದು ಕೇಳಿದಳು.

“ಗೊತ್ತಾಗಬಾರ್ದು ಕಣೇ ತಾಯಿ. ಕಪ್ಪುಬಿಳುಪು ಅಂದ್ರೆ ಪುಣ್ಯ. ಬಡವರ ಮನೇಲಿ ಯಾವ ಬಣ್ಣದ ತುಂಡು ಐತೋ ಅದೇ ಹೀರೋಯಿನ್ ಬಣ್ಣ.”

ಆ ಮೂರು ದಿನದಲ್ಲಿ ಅವಳು ನನಗೆ ಹೆಮ್ಮಿಂಗು, ಹುಕ್ಕು, ಕಾಜಾ ಕಲಿಸಿದಳು. ಐವತ್ತು ದಾಟಿದ ಮೇಲೆ ಒಂದು ಕೆಲಸ ಕಲಿತೆ, ನನ್ನ ಕೈಗೂ ನಾಲ್ಕು ಕಾಸು ಬರುವಂತಾಯಿತು. ಇದನ್ನು ನಾನು ದೇವರ ದಯೆ ಎಂದೇ ಇಟ್ಟುಕೊಂಡಿದ್ದೇನೆ. ಪದ್ದಕ್ಕನಿಗೆ ಹೇಳಿದರೆ “ದೇವರಿಗೆ ಹುಕ್ಕು ಹಾಕೋಕೆ ಬರ್ತದೇನೇ?” ಎಂದು ನಗುತ್ತಿದ್ದಳು.

ಆದರೆ ಅಂಗಡಿಯಲ್ಲಿ ಎಲ್ಲಕ್ಕಿಂತ ಮುಂದೆ, ಬಾಗಿಲಿನ ಎದುರಿಗೇ, ಒಂದು ರವಿಕೆ ನೇತಾಡುತ್ತಿತ್ತು. ನೇರಳೆ ರೇಷ್ಮೆ, ಬುಗ್ಗೆ ತೋಳು. ಯಾವ ದರ್ಜೆಗೂ ಸೇರಿರಲಿಲ್ಲ. ‘ಮಾರಾಟಕ್ಕಿಲ್ಲ’ ಎಂಬ ಚೀಟಿ ಇತ್ತು. ಸರಿಯಾಗಿ ನೋಡಿದರೆ ಅದರ ಎರಡು ತೋಳೂ ಎಡಗೈಯವು. ತೋಳು ಕತ್ತರಿಸುವಾಗ ಬಟ್ಟೆಯನ್ನು ಎದುರುಬದುರು ಮಡಿಸಿಕೊಂಡರೆ ಒಂದು ಎಡ, ಒಂದು ಬಲ ಬರುತ್ತದೆ. ಮಡಿಸದೆ ಒಂದರ ಮೇಲೊಂದು ಇಟ್ಟು ಕತ್ತರಿಸಿದರೆ ಎರಡೂ ಒಂದೇ ಕಡೆಯವು. ಹೊಲಿಗೆ ಕಲಿಯುವವರೆಲ್ಲ ಒಂದು ಸಲವಾದರೂ ಮಾಡುವ ತಪ್ಪು. ಬೆಂಗಳೂರಿನ ಹುಡುಗರಿಗೆ ಅದೇ ಹೊಸ ಡಿಸೈನಾಗಿ ಕಾಣುತ್ತಿತ್ತು. ಎಷ್ಟಾದರೂ ಕೊಡುತ್ತೇವೆ ಅನ್ನುತ್ತಿದ್ದರು.

“ಕೊಡೋ ಹಂಗಿದ್ರೆ ಅದರ ಒಡತಿಗೆ ಕೊಡ್ತೀನಪ್ಪ. ಅವಳಿಗಾಗಿ ನೇತಾಕಿರೋದು,” ಎನ್ನುತ್ತಿದ್ದಳು ಪದ್ದಕ್ಕ.

ಎರಡನೇ ವರ್ಷ ಮತ್ತೆ ನಮ್ಮಲ್ಲಿ ಅಂಗಡಿ ಇಟ್ಟಾಗ, ಇಂಟ್ರವಲ್ಲಿನಲ್ಲಿ ಇಬ್ಬರೇ ಕೂತು ಹುಕ್ಕು ಹಾಕುತ್ತಿದ್ದಾಗ, ನಾನು ಕೇಳದೆಯೇ ಆ ರವಿಕೆಯ ಕತೆ ಹೇಳಿದಳು.

ಪದ್ದಕ್ಕನಿಗೆ ಆಗ ಹತ್ತೊಂಬತ್ತು. ಶಿಡ್ಲಘಟ್ಟದಲ್ಲಿ ಅವಳದೇ ಒಂದು ಹೊಲಿಗೆ ಮಿಷನ್ನು. ಡೇರೆಗೆ ಹಳೇ ಕಪ್ಪುಬಿಳುಪು ಸಿನಿಮಾ ಬಂದಾಗ ನೆಲದಲ್ಲಿ ಕೂತು, ಟಿಕೆಟ್ಟಿನ ಹಿಂದೆ ಪೆನ್ಸಿಲ್ಲಿನಲ್ಲಿ ನಾಯಕಿಯ ತೋಳು ಬರೆದುಕೊಂಡು ಬರುವುದು, ಮಾರನೇ ದಿನ ಅದರಂತೆಯೇ ಹೊಲಿಯುವುದು. ಊರಲ್ಲೆಲ್ಲ ಅದಕ್ಕೇ ಅವಳ ಹೆಸರು. ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯಲ್ಲಿ ಬಿಸಿನೀರಿಗೆ ಕೈ ಅದ್ದಿ ಕೆಲಸ ಮಾಡುತ್ತಿದ್ದ ಮುನಿರತ್ನ ಎಂಬ ಹುಡುಗಿ ಒಂದು ತುಂಡು ನೇರಳೆ ರೇಷ್ಮೆ ತಂದುಕೊಟ್ಟಳು. ನೇಯ್ಗೆಯಲ್ಲಿ ಒಂದು ಹಳದಿ ಎಳೆ ಸೇರಿಕೊಂಡಿತೆಂದು ಯಜಮಾನಿತಿ ಹಬ್ಬಕ್ಕೆ ಕೊಟ್ಟುಬಿಟ್ಟಿದ್ದ ಬಟ್ಟೆ. ಮುನಿರತ್ನಳಿಗೆ ಆ ವಾರ ಹೆಣ್ಣು ನೋಡಲು ಬರುವವರಿದ್ದರು. ಆ ಸಿನಿಮಾದ ತೋಳೇ ಬೇಕೆಂದಳು.

“ಮೊದಲ್ನೇ ಆಟಕ್ಕೆ ಇನ್ನೊಂದ್ಸಲ ಹೋಗಿ ನೋಡ್ಕೊಂಡು ಬಂದು, ಆ ಉಬ್ಬಲ್ಲೇ ಕತ್ತರಿ ಹಾಕ್ದೆ ಕಣೇ. ಬಟ್ಟೆ ಮಡಿಸೋದೇ ಮರೆತೆ. ಹೊಲಿದು ಎತ್ತಿಹಿಡ್ದು ನೋಡ್ತೀನಿ, ಎರಡೂ ಎಡ. ತುಂಡು ಬಟ್ಟೆನೂ ಮಿಕ್ಕಿಲ್ಲ. ಅವಳು ಬಾಗಿಲಿಗೆ ಬಂದ್ಬಿಟ್ಲು. ಭಯಕ್ಕೆ ಬಾಯಿಗೆ ಏನು ಬಂತು ಗೊತ್ತಾ? ‘ನೀನು ನನಗೆ ಬಟ್ಟೆನೇ ಕೊಟ್ಟಿಲ್ಲವಲ್ಲೇ’ ಅಂದೆ.”

“ಆಮೇಲೆ?”

“ಆಮೇಲೇನು. ಹಳೇ ರವಿಕೇಲೇ ಕೂತ್ಕೊಂಡ್ಲಂತೆ. ಸಿನಿಮಾ ನೋಡೋಕೆ ಬಟ್ಟೆ ಮಾರ್ಕೊಂಡಿದ್ದಾಳೆ ಅಂತ ಅವರಮ್ಮ ಬೀದೀಲಿ ನಿಲ್ಲಿಸಿ ಹೊಡೆದ್ಲು. ನಾನು ಕಿಟಕೀಲಿ ನಿಂತು ನೋಡ್ದೆ. ಒಂದು ಮಾತು ಹೇಳಿದ್ರೆ ಮುಗೀತಿತ್ತು. ಹೇಳ್ಲಿಲ್ಲ.”

ಆ ವರ್ಷವೇ ಮುನಿರತ್ನಳಿಗೆ ಮದುವೆಯಾಯಿತು. ಚಿಂತಾಮಣಿ ಕಡೆ ಯಾವುದೋ ಊರು ಅಂದರು.

“ಹುಡುಕಲಿಲ್ವಾ ಪದ್ದಕ್ಕ?”

ಅವಳು ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದಳು. “ಸಿಕ್ಕಿಬಿಟ್ರೆ ಏನು ಹೇಳೋದು ಅಂತ ಹುಡುಕಲಿಲ್ಲ. ಈಗ ವಯಸ್ಸಾಯ್ತು. ಅದಕ್ಕೇ ನೇತಾಕಿದ್ದೀನಿ. ಅವಳಾಗೇ ಬಂದು ನೋಡಿದ್ರೆ ನಾನು ಓಡಿಹೋಗಬಾರ್ದು ಅಂತ ಒಂದು ಹರಕೆ.”

ನಮ್ಮ ಹರಕೆಗಳೆಲ್ಲ ದೇವರಿಂದ ಏನಾದರೂ ಕೇಳುವಂಥವು. ಓಡಿಹೋಗಬಾರದು ಎಂಬ ಹರಕೆಯನ್ನು ನಾನು ಕೇಳಿದ್ದು ಅದೊಂದೇ.

ಹೋದ ವರ್ಷ ಚಿಂತಾಮಣಿಯಲ್ಲಿ ಅದು ನಡೆಯಿತು. ಶೋಭಾಗೆ ಜ್ವರವೆಂದು ಸಹಾಯಕ್ಕೆ ನಾನು ಹೋಗಿದ್ದೆ. ಅಕ್ಕಿ ಗಿರಣಿಯ ಪಕ್ಕದ ಖಾಲಿ ಕೋಣೆ, ಎಲ್ಲದರ ಮೇಲೂ ತೌಡಿನ ಧೂಳು. ಮಧ್ಯಾಹ್ನ ಒಬ್ಬ ಹೆಂಗಸು ತರಕಾರಿ ಚೀಲ ಹಿಡಿದು ಬೀದಿಯಲ್ಲಿ ಹೋಗುತ್ತಿದ್ದವಳು ನಿಂತಳು. ಹೋದಳು. ಮತ್ತೆ ವಾಪಸು ಬಂದಳು. ನೇರ ಆ ರವಿಕೆಯ ಬಳಿ ಬಂದು ಕೈಯನ್ನು ಸೆರಗಿಗೆ ಒರೆಸಿಕೊಂಡು, ಬೆನ್ನಿನ ಭಾಗದಲ್ಲಿ ಏನನ್ನೋ ಹುಡುಕಿದಳು. ಹಳದಿ ಎಳೆ ಸಿಕ್ಕಿತು. ಅದರ ಮೇಲೆ ಬೆರಳಿಟ್ಟು, ಯಾರನ್ನೂ ಕೇಳದೆ, “ಇದು ನನ್ನ ಬಟ್ಟೆ,” ಎಂದಳು.

ಪದ್ದಕ್ಕ ಕುರ್ಚಿ ಹಿಡಿದು ನಿಂತಿದ್ದಳು. ನಾನು ಮನಸ್ಸಿನಲ್ಲೇ ಗೋವಿಂದನನ್ನು ಕರೆದೆ. ಪದ್ದಕ್ಕ ಕೊರಳಿನ ಟೇಪು ತೆಗೆದು ಬೆಂಚಿನ ಮೇಲಿಟ್ಟಳು. ಅವಳ ಕೊರಳು ಬರಿದಾದದ್ದನ್ನು ನಾನು ಅವತ್ತೇ ನೋಡಿದ್ದು.

“ಮುನಿರತ್ನಾ, ನಾನು ಪದ್ದ. ನೀನು ಬಟ್ಟೆ ಕೊಟ್ಟಿದ್ದೆ ಕಣೇ. ನಾನು ಕೆಡಿಸಿ, ಕೊಟ್ಟಿಲ್ಲ ಅಂತ ಸುಳ್ಳು ಹೇಳ್ದೆ.”

ಮುನಿರತ್ನಮ್ಮ ಮೆಲ್ಲಗೆ ಬೆಂಚಿನ ತುದಿಯಲ್ಲಿ ಕೂತಳು.

“ಕೊಟ್ಟಿದ್ನಾ?”

“ಕೊಟ್ಟಿದ್ದೆ.”

“ನಿನ್ನ ಕೈಗೇ?”

“ನನ್ನ ಕೈಗೇ.”

“ಹಂಗಾದ್ರೆ ನಾನು ಬೀಳಿಸ್ಕಂಡಿಲ್ಲ.” ಆಕೆ ನನ್ನ ಕಡೆ ತಿರುಗಿದಳು, ಪರಿಚಯವೇ ಇಲ್ಲದ ನನ್ನ ಕಡೆ. “ಎಲ್ಲಾರೂ ಹೇಳಿ ಹೇಳಿ ನಂಗೇ ಅನ್ಮಾನ ಬಂದಿತ್ತಮ್ಮ. ಕೊಟ್ಟೆ ಅನ್ನೋದು ನನ್ನ ಭ್ರಮೆ, ದಾರೀಲೆಲ್ಲೋ ಬೀಳಿಸ್ಕಂಡೆ ಅಂದ್ಕಂಡ್ಬಿಟ್ಟಿದ್ದೆ. ಇವತ್ತಿಗೂ ಮನೇಲಿ ಒಂದು ಚಮಚ ಕಾಣ್ದಿದ್ರೆ ನಾನೇ ಎಲ್ಲೋ ಇಟ್ಟು ಮರೆತೆ ಅಂತ ಒಪ್ಕಂಡ್ಬಿಡ್ತೀನಿ.”

ಪದ್ದಕ್ಕ ನೇತುಹಾಕಿದ್ದ ರವಿಕೆ ಇಳಿಸಿ ಅವಳ ಮುಂದೆ ಹಿಡಿದಳು. “ತಗೋಮ್ಮ. ನಿನಗೋಸ್ಕರನೇ ಇಟ್ಟಿದ್ದು.”

ಮುನಿರತ್ನಮ್ಮ ತೋಳುಗಳನ್ನು ಎತ್ತಿ ನೋಡಿದಳು. “ಇದನ್ನಾ? ಎರಡೂ ಎಡಗೈದು. ಇದನ್ನ ಕೊಟ್ಟು ಮುಗಿಸ್ಕಂತೀಯಾ?”

“ಮತ್ತೇನು ಮಾಡ್ಲಿ ಹೇಳು.”

“ಸರಿ ಮಾಡಿ ಕೊಡು.”

“ಮಾಡ್ತೀನಿ. ಬಾ, ನಿನ್ನ ಅಳತೆ ತಗೋತೀನಿ.”

“ನನ್ನ ಅಳತೆ ಯಾಕೆ? ಆಗಿನ ಅಳತೆಗೇ ಮಾಡು. ನೀನು ಆಗ ಕೊಡಬೇಕಾಗಿತ್ತು. ಆಗಿಂದನ್ನೇ ಕೊಡು.” ಫೋನ್ ನಂಬರು ಹೇಳಿದಳು, ತರಕಾರಿ ಚೀಲ ಎತ್ತಿಕೊಂಡು ಹೊರಟುಹೋದಳು. ಚಕ್ಕುಲಿ ಕೊಡಹೋದೆ, ಬೇಡ ಎಂದಳು.

ಬಸ್ಸಿನಲ್ಲಿ ಬರುವಾಗ ಪದ್ದಕ್ಕ, “ಬೈದಿದ್ರೆ ಚೆನ್ನಾಗಿತ್ತು ಕಣೇ,” ಎಂದಳು. ಇನ್ನೊಂದು ಮೈಲಿ ಕಳೆದ ಮೇಲೆ, “ಕೆಲಸ ಹೇಳಿದ್ಲಲ್ಲ, ಅದೇ ದೊಡ್ಡದು.”

ಆ ಒಂದು ಬಲತೋಳಿನ ಬಟ್ಟೆಗಾಗಿ ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಅಂಗಡಿಯಲ್ಲಿ ಹೊಸ ರೇಷ್ಮೆ ತೋರಿಸಿದರೆ ಮೂಗು ಮುರಿಯುತ್ತಿದ್ದಳು. ಹೊಳಪು ಹೆಚ್ಚು, ಇದು ಆ ಕಾಲದ್ದಲ್ಲ ಎಂದು. ಪಾತ್ರೆ ಹೆಂಗಸರ ಗಂಟುಗಳನ್ನು ಗೌರಿಬಿದನೂರು, ತೊಂಡೇಬಾವಿ ತನಕ ಹೋಗಿ ಬಿಚ್ಚಿಸಿದಳು. ಆಗಲೇ ಎಡಗಣ್ಣಿಗೆ ಪೊರೆ ಬಂದಿತ್ತು, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. “ಆಪರೇಷನ್ ಮಾಡಿಸ್ಕೋ ದೊಡ್ಡಮ್ಮ,” ಎಂದು ಶೋಭಾ ಹೇಳಿದರೆ “ತೋಳು ಮೊದ್ಲು,” ಎನ್ನುತ್ತಿದ್ದಳು. ಕೊನೆಗೆ ತೊಂಡೇಬಾವಿಯ ಗಂಟಿನಲ್ಲಿ ಅರ್ಧ ಹರಿದ ಒಂದು ನೇರಳೆ ಸೀರೆ ಸಿಕ್ಕಿತು. ಬಣ್ಣ ಒಂದು ಗುಲಗಂಜಿಯಷ್ಟು ತಿಳಿ. ಅವಳಿಗೆ ಸಾಕಾಯಿತು, ಅಥವಾ ಸುಸ್ತಾಗಿತ್ತು.

ಹತ್ತು ದಿನದ ಹಿಂದೆ ನಮ್ಮ ಮನೆಗೆ ಬಂದಳು. ತೋಳು ಕೂಡಿಸಿಯಾಗಿತ್ತು. ನನ್ನ ಹೊಸಿಲಲ್ಲೇ ಕೂತು ಉಸಿರು ತೆಗೆದುಕೊಂಡು, “ಕತ್ತರಿಸೋ ಮುಂಚೆ ಹನ್ನೆರಡು ಸಲ ಮಡಿಸಿ ನೋಡ್ದೆ ಕಣೇ,” ಎಂದು ನಕ್ಕಳು. “ಹುಕ್ಕು ನೀನು ಹಾಕು. ಸಣ್ಣ ಕೆಲಸ ನನ್ನ ಕಣ್ಣಿಗೆ ಕಾಣಲ್ಲ. ಗುರುವಾರ ಚಿಂತಾಮಣಿಗೆ ಹೋಗಿ ಕೊಟ್ಟು ಬರಣ. ನೀನೂ ಬಾ. ಒಬ್ಳೇ ಹೋಗೋಕೆ ಈಗ್ಲೂ ಭಯ ನಂಗೆ.” ಹೋಗುವಾಗ ತಿರುಗಿ ನನ್ನ ಭುಜ ನೋಡಿದಳು. “ಇನ್ನೂ ಅರ್ಧ ಬೆರಳು ಇಳಿದೈತೆ. ಆ ಮನುಷ್ಯನಿಗೂ ಒಂದು ಬಿಂದಿಗೆ ಹೊರೋಕೆ ಹೇಳು.”

ಅದೇ ಕೊನೆಯ ಸಲ ನೋಡಿದ್ದು.

ಆ ವಾರ ಗೌರಿಬಿದನೂರಿನಿಂದ ನಾದಿನಿ ಮಕ್ಕಳೊಂದಿಗೆ ಬಂದಿದ್ದಳು. ಅಡುಗೆ, ಪಾತ್ರೆ, ನೀರು, ಮತ್ತೆ ಅಡುಗೆ. ಇದೆಲ್ಲ ನಿಜವೇ. ಆದರೆ ಮಧ್ಯಾಹ್ನ ಒಂದೊಂದು ಗಂಟೆ ಬಿಡುವಿತ್ತು. ನಾನು ಮಲಗಿದೆ. ಮೈ ಕೈ ನೋವಿತ್ತು, ಮಲಗಿದೆ. ಬುಧವಾರ ಅವಳು ಫೋನ್ ಮಾಡಿ “ಆಯ್ತಾ?” ಎಂದಾಗ, “ಇಲ್ಲ ಪದ್ದಕ್ಕ, ಕರೆಂಟೇ ಇರಲಿಲ್ಲ, ಕಣ್ಣು ಕಾಣ್ಲಿಲ್ಲ,” ಎಂದೆ. ಕರೆಂಟಿತ್ತು. “ಪೋನೀಲೇ,” ಎಂದಳು. ಬೇಸರವಾದಾಗ ಅವಳ ಬಾಯಲ್ಲಿ ತೆಲುಗು ಬರುತ್ತಿತ್ತು. “ಹೋಗ್ಲಿ ಬಿಡು. ನಲವತ್ತು ವರ್ಷ ಕಾದೈತೆ, ಇನ್ನೊಂದು ವಾರ ಕಾಯಲ್ವಾ.”

ಆ ವಾರ ತುಂಬುವ ಮೊದಲೇ ಶೋಭಾ ಫೋನ್ ಮಾಡಿದ್ದಳು.

ಕಾಳಿನ ಪಾತ್ರೆಗೆ ತಟ್ಟೆ ಮುಚ್ಚಿದೆ. ರವಿಕೆಗೆ ಪಿನ್ನು ಚುಚ್ಚಿದ್ದ ಚೀಟಿಯಲ್ಲಿ ಮುನಿರತ್ನಮ್ಮನ ನಂಬರಿತ್ತು. ಫೋನ್ ಮಾಡಿ ವಿಷಯ ಹೇಳಿದೆ. ಆಕೆ “ಎಷ್ಟೊತ್ತಿಗೆ ಎತ್ತೋದು?” ಎಂದು ಕೇಳಿ ಇಟ್ಟುಬಿಟ್ಟಳು. ನಾನು ಸೂಜಿ, ದಾರ, ನಾಲ್ಕು ಹುಕ್ಕನ್ನು ಕುಂಕುಮದ ಖಾಲಿ ಡಬ್ಬಿಗೆ ಹಾಕಿಕೊಂಡು ಶಿಡ್ಲಘಟ್ಟದ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅದೂ ದೇವರ ದಯೆಯೇ, ಬೆಳಕಿತ್ತು.

ಬಸ್ಸು ಕುಲುಕಿದಾಗಲೆಲ್ಲ ಸೂಜಿ ಬೆರಳಿಗೆ ಇಳಿಯುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ನೋಡಲಾರದೆ, “ಕೊಡಿ ಇಲ್ಲಿ,” ಎಂದು ರವಿಕೆಯ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

“ರೇಷ್ಮೆ ಚೆನ್ನಾಗೈತೆ. ಮದುವೆಗಾ?”

“ಇಲ್ಲಮ್ಮ. ಸಾವಿಗೆ.”

ಆಕೆ ಹಿಡಿದ ಕೈ ಬಿಡಲಿಲ್ಲ. ಊರು ಬರುವಷ್ಟರಲ್ಲಿ ನಾಲ್ಕೂ ಹುಕ್ಕು ಆಗಿತ್ತು.

ಪದ್ದಕ್ಕನನ್ನು ಅಂಗಳದಲ್ಲಿ ಮಲಗಿಸಿದ್ದರು. ಯಾರೋ ಟೇಪು ತೆಗೆಯಲು ಹೋದರಂತೆ, ಶೋಭಾ ಬಿಟ್ಟಿರಲಿಲ್ಲ. ಹೂವಿನ ಹಾರದ ಕೆಳಗೆ ಹಳದಿ ಅಂಚು ಕಾಣುತ್ತಿತ್ತು. ಕಾಲಿಗೆ ನಮಸ್ಕಾರ ಮಾಡಿದೆ. ಅವಳು ನನ್ನ ಭುಜ ನೋಡುತ್ತಿಲ್ಲ ಎಂಬುದು ಆಗ ತಿಳಿಯಿತು, ಆಗ ಅಳು ಬಂತು.

ಮುನಿರತ್ನಮ್ಮ ಹನ್ನೆರಡೂವರೆಗೆ ಬಂದಳು. ಒಳಗೆ ಬರದೆ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತಳು. ನಾನು ಹೋಗಿ ರವಿಕೆ ಕೊಟ್ಟೆ. ಅದನ್ನು ತೊಡೆಯ ಮೇಲೆ ಹರಡಿ, ಒಳಗಡೆ ತಿರುಗಿಸಿ ಹೊಲಿಗೆ ನೋಡಿದಳು. ಹುಕ್ಕು ಎಳೆದು ನೋಡಿದಳು. ಆಮೇಲೆ ಬೆನ್ನಿನ ನಡುವಿಗೆ ಸರಿಯಾಗಿ ಮಡಿಸಿದಳು. ಒಂದು ತೋಳು ಇನ್ನೊಂದರ ಮೇಲೆ ಹೋಗಿ ಕೂತಿತು, ಅಂಚಿಗೆ ಅಂಚು. ಒಂದು ಎಡ, ಒಂದು ಬಲ. ಅಂಗೈಯಿಂದ ಎರಡು ಸಲ ಒತ್ತಿದಳು.

“ಬಣ್ಣ ಒಂಚೂರು ಬೇರೆ.”

“ಹೌದಮ್ಮ. ಬಹಳ ಹುಡುಕಿದ್ರು.”

“ಇರ್ಲಿ ಬಿಡು. ಆ ಸಿನಿಮಾ ಕಪ್ಪುಬಿಳುಪೇ ಅಲ್ವಾ.”

ನನಗೆ ತಡೆಯಲಾಗಲಿಲ್ಲ. “ಹುಕ್ಕು ತಡ ಆಗಿದ್ದು ನನ್ನಿಂದ,” ಎಂದೆ. “ಕರೆಂಟಿಲ್ಲ ಅಂತ ಸುಳ್ಳು ಹೇಳ್ದೆ. ಇಲ್ಲಾಂದ್ರೆ ಹೋದ ಗುರುವಾರನೇ ಅವರ ಕೈಯಾರೆ ಕೊಡೋರು.”

ಆಕೆ ತಲೆಯೆತ್ತಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟು ಇತ್ತು, ಇರಲಿಲ್ಲ ಅನ್ನಲಾರೆ. ಆಮೇಲೆ ನಿಟ್ಟುಸಿರು ಬಿಟ್ಟಳು. “ನೀನು ಬೇಗನೇ ಹೇಳ್ದೆ ಬಿಡಮ್ಮ. ಇವಳು ನಲವತ್ತು ವರ್ಷ ತಗಂಡ್ಲು.”

ಎದ್ದು ಒಳಗೆ ಹೋದಳು. ಹೆಣದ ತಲೆಯ ಬಳಿ ನಿಂತು ಜೋರಾಗಿಯೇ, ಎಲ್ಲರಿಗೂ ಕೇಳುವ ಹಾಗೆ, “ಸರಿಯಾಗೈತೆ ಕಣೇ ಪದ್ದಾ,” ಎಂದಳು. ನೆಂಟರಿಗೆ ಏನೂ ಅರ್ಥವಾಗಲಿಲ್ಲ. ರವಿಕೆಯನ್ನು ಹೆಣದ ಮೇಲೆ ಹಾಕಿಬಿಡುತ್ತಾಳೇನೋ ಅಂದುಕೊಂಡಿದ್ದೆ. ಹಾಕಲಿಲ್ಲ. ಮಡಿಸಿ ಚೀಲದಲ್ಲಿಟ್ಟುಕೊಂಡಳು.

“ಮನೇಲಿ ನಮ್ಮಮ್ಮನ ಫೋಟೋ ಐತೆ,” ಎಂದಳು ನನಗೆ. “ಅದರ ಮುಂದೆ ಹಿಡಿಬೇಕು.”

ಮೂರು ಗಂಟೆಗೆ ಮನೆಗೆ ಬಂದೆ. ಹಿತ್ತಲಲ್ಲೇ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದು ದೀಪ ಹಚ್ಚಿದೆ. ಬೆಳಗ್ಗಿನ ಡ್ರಮ್ಮಿನಲ್ಲಿ ನೀರು ಮಿಕ್ಕಿತ್ತು. ಯಜಮಾನರು ಹೋಟೆಲಿನಿಂದ ಇಡ್ಲಿ ತಂದು ನನಗೂ ಎರಡು ಇಟ್ಟಿದ್ದರು. ಅಡುಗೆಮನೆಗೆ ಹೋಗಿ ಕಾಳಿನ ಪಾತ್ರೆಯ ತಟ್ಟೆ ತೆಗೆದು ಮೂಸಿದೆ. ಚಳಿ ಇದ್ದದ್ದಕ್ಕೆ ಹುಳಿತಿರಲಿಲ್ಲ. ಮಣೆ ಎಳೆದುಕೊಂಡು, ಬಲಭುಜವನ್ನು ಗೋಡೆಗೆ ಒರಗಿಸಿ, ಮಿಕ್ಕ ಕಾಳನ್ನು ಹಿದಕಲು ಕೂತೆ.